ಹೊಟ್ಟೆಯಿಂದ ಉಸಿರಾಡುವ ಎಂಜಿನ್

ಹಳೇ ಯೆಜ್ಡಿ ಬೈಕು ಕೊಂಡವರ ಕೊರಗು ಊರು ಬದಲಾದರೂ ಬದಲಾಗುವುದಿಲ್ಲ. ಕೊಳ್ಳುವಾಗ ಒಂದೇ ಕಿಕ್ಕಿಗೆ ಚಾಲೂ ಆದ ಗಾಡಿ ಮನೆಗೆ ಬಂದ ಮೇಲೆ ಬೆವರು ಹರಿಸಿದರೂ ಏಳುವುದಿಲ್ಲ. ಎದ್ದರೆ ಓಣಿ ತುಂಬ ಹೊಗೆ. ಹೊಗೆ ಕಡಿಮೆಯಾದರೆ ಎಳೆತವಿಲ್ಲ. ಎಳೆತ ಬಂದರೆ ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಮೂರು ತಿಂಗಳಾಗುವ ಹೊತ್ತಿಗೆ ಗಾಡಿ ದನದ ಕೊಟ್ಟಿಗೆ ಸೇರಿ, ‘ನಂಬಿ ಕೆಟ್ಟೆ’ ಎನ್ನುವ ಮಾತು ಶುರುವಾಗುತ್ತದೆ.

ಕಲಬುರಗಿ–ವಿಜಯಪುರ ಹೆದ್ದಾರಿಯಲ್ಲಿ ಜೇವರ್ಗಿ ದಾಟಿದ ಮೇಲೆ ಸಿಗುವ ನೆಲೋಗಿ, ಮಾಜಿ ಮುಖ್ಯಮಂತ್ರಿ ಧರಂಸಿಂಗ್ ಅವರ ಹುಟ್ಟೂರು. ಅಲ್ಲಿಯ ಪರಿಚಯದ ರೈತ ಯುವಕನೊಬ್ಬ ತೊಗರಿ ಮಾರಿದ ದುಡ್ಡಿನಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ತಂದಿದ್ದ. ಕನ್ನಡಿಯಂತೆ ಮಿಂಚುವ ಕಪ್ಪು ಬಣ್ಣ, ಹೊಸ ಸೀಟು, ಎರಡೂ ಬದಿಗೆ ಥಳಥಳಿಸುವ ಸೈಲೆನ್ಸರ್. ‘ಕಾಕಾ, ಜೇವರ್ಗಿ ಮುಟ್ಟೂದ್ರಾಗ ಎರಡ್ ಸಲ ನಿಂತದ್ರಿ. ಕಾರ್ಬೋರೇಟರ್ ಬದ್ಲಿ ಮಾಡ್ಸೀನಿ, ಕಾಯಿಲ್ ಬದ್ಲಿ ಮಾಡ್ಸೀನಿ, ಪ್ಲಗ್ಗಂತೂ ಲೆಕ್ಕಾನೇ ಇಲ್ಲ. ಎಂಜಿನ್ ಇಳಿಸೂಣು ಅಂತಾನ ಮಿಸ್ತ್ರಿ. ಮಾರಿಬಿಡ್ಲೇನ್ರಿ?’ ಎಂದು ಫೋನಿನಲ್ಲಿ ಕೇಳಿದ. ಮಾರಬೇಡ, ಎಂಜಿನ್ನೂ ಇಳಿಸಬೇಡ, ನಾನು ಬರುತ್ತೇನೆ ಎಂದೆ. ಆ ಎಂಜಿನ್ ಹೇಗೆ ಉಸಿರಾಡುತ್ತದೆ ಎಂದು ತಿಳಿಯದೆ ಬಿಡಿಭಾಗ ಬದಲಿಸುತ್ತ ಹೋದರೆ ಖರ್ಚಿಗೆ ಕೊನೆಯೇ ಇರುವುದಿಲ್ಲ.

ಈ ಗಾಡಿಯ ಮೂಲ ಚೆಕ್ ದೇಶದ ಜಾವಾ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗವನ್ನು ಕೊಂಡು ಕಟ್ಟಿದ ಸಂಸ್ಥೆ ಅದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸಿತು. 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿಯ ಒಂಟಿ ಸಿಲಿಂಡರ್, 16 ಅಶ್ವಶಕ್ತಿ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ಕ್ಕೆ ಇದರ ಅರ್ಧದಷ್ಟೂ ಶಕ್ತಿ ಇರಲಿಲ್ಲ. ಆದರೆ ಲೀಟರಿಗೆ ಅದು ಓಡುತ್ತಿದ್ದ ದೂರ ಬೇರೆಯೇ ಇತ್ತು. ಜನ ಆ ಕಡೆ ತಿರುಗಿದರು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಈಗ ಕೈಗೆ ಸಿಗುವ ಅತಿ ಹೊಸ ರೋಡ್‌ಕಿಂಗ್‌ಗೂ ಮೂವತ್ತು ವರ್ಷದ ಹತ್ತಿರ ವಯಸ್ಸು. ಅದರೊಳಗಿನ ರಬ್ಬರಿಗೂ ಅಷ್ಟೇ ವಯಸ್ಸಾಗಿರಬಹುದು. ರೋಗದ ಬೇರು ಬಹುಪಾಲು ಅಲ್ಲೇ ಇದೆ.

ಇದು ಟೂ ಸ್ಟ್ರೋಕ್ ಎಂಜಿನ್. ಇದಕ್ಕೆ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇಳಿದು, ಕಾರ್ಬೋರೇಟರಿನಿಂದ ಪೆಟ್ರೋಲು ಗಾಳಿ ಬೆರೆತ ಆವಿ ಒಳಕ್ಕೆ ಬರುತ್ತದೆ. ಅದೇ ಹೊತ್ತಿನಲ್ಲಿ ಪಿಸ್ಟನ್ನಿನ ಮೇಲಿರುವ ಹಿಂದಿನ ಕಂತು ಅದುಮಿಕೊಂಡು ಕಿಡಿಗೆ ಉರಿಯುತ್ತದೆ. ಉರಿದ ರಭಸಕ್ಕೆ ಪಿಸ್ಟನ್ ಕೆಳಗಿಳಿಯುವಾಗ ಮೊದಲು ಹೊಗೆ ಹೋಗುವ ಕಿಂಡಿ ತೆರೆಯುತ್ತದೆ. ಆಮೇಲೆ ಕ್ರ್ಯಾಂಕ್‌ಕೇಸಿನಲ್ಲಿ ಅದುಮಿಟ್ಟ ಹೊಸ ಆವಿ ಪಕ್ಕದ ದಾರಿಗಳಿಂದ ಮೇಲಕ್ಕೆ ನುಗ್ಗುತ್ತದೆ. ಹೀಗೆ ಕ್ರ್ಯಾಂಕ್ ತಿರುಗಿದ ಪ್ರತಿ ಸುತ್ತಿಗೂ ಒಂದು ಉರಿ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು.

ಕ್ರ್ಯಾಂಕ್‌ಕೇಸ್ ಇಲ್ಲಿ ಕಮ್ಮಾರನ ತಿದಿಯ ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬಾರದು. ತಿದಿಗೆ ತೂತು ಬಿದ್ದರೆ ಕುಲುಮೆ ಉರಿಯದು. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಕೆಳಗಡೆ ಒಂದು ಆಯಿಲ್ ಸೀಲು ಹೋದರೆ ನೆಲದ ಮೇಲೆ ಎಣ್ಣೆ ಕಲೆ ಬೀಳುತ್ತದೆ, ಗಾಡಿ ಓಡುತ್ತಲೇ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಅದೇ ಸೀಲು ಹೋದರೆ ಎಂಜಿನ್ನಿನ ಉಸಿರೇ ಕೆಡುತ್ತದೆ.

ಕ್ರ್ಯಾಂಕಿನ ಎರಡು ತುದಿಗೂ ಒಂದೊಂದು ರಬ್ಬರ್ ಸೀಲು ಇರುತ್ತದೆ. ಯೆಜ್ಡಿಯಲ್ಲಿ ಬಲಕ್ಕೆ ಡೈನಮೋ, ಎಡಕ್ಕೆ ಕ್ಲಚ್ಚು. ಬಲದ ಸೀಲು ಸೋತರೆ ಹೊರಗಿನ ಗಾಳಿ ಕಳ್ಳದಾರಿಯಿಂದ ಒಳಕ್ಕೆ ಬರುತ್ತದೆ. ಆವಿಯಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕೂಗುತ್ತದೆ, ವಿಪರೀತ ಕಾಯುತ್ತದೆ, ಪ್ಲಗ್ ಬಿಚ್ಚಿ ನೋಡಿದರೆ ತುದಿ ಬೆಳ್ಳಗಾಗಿರುತ್ತದೆ. ಎಡದ ಸೀಲು ಸೋತರೆ ಕ್ಲಚ್ ಕಡೆಯ ಗಿಯರ್ ಆಯಿಲನ್ನೇ ಎಂಜಿನ್ ಹೀರಿ ಸುಡುತ್ತದೆ. ಆಗ ದಟ್ಟ ಹೊಗೆ, ಅಂಟಂಟು ಕಪ್ಪು ಪ್ಲಗ್ಗು, ತಿಂಗಳಿಂದ ತಿಂಗಳಿಗೆ ಇಳಿಯುವ ಗಿಯರ್ ಆಯಿಲ್. ಈ ಎರಡು ಲಕ್ಷಣ ಕಂಡವರು ಸಾಮಾನ್ಯವಾಗಿ ಕಾರ್ಬೋರೇಟರಿಗೆ ಕೈ ಹಾಕುತ್ತಾರೆ. ಅದು ಹೊರಗೆ ಕಾಣುತ್ತದೆ, ಬಿಚ್ಚುವುದೂ ಸುಲಭ. ಸೀಲು ಕಾಣುವುದಿಲ್ಲ.

ಓಡುತ್ತಿದ್ದ ಗಾಡಿಗಿಂತ ವರ್ಷಗಟ್ಟಲೆ ನಿಂತ ಗಾಡಿಯಲ್ಲೇ ಸೀಲು ಬೇಗ ಹಾಳಾಗುತ್ತದೆ. ರಬ್ಬರಿನ ತುಟಿ ಒಣಗಿ ಗಡುಸಾಗುತ್ತದೆ. ಅದು ತಾಗುವ ಜಾಗದಲ್ಲಿ ಕ್ರ್ಯಾಂಕಿಗೆ ತುಕ್ಕು ಹತ್ತಿರುತ್ತದೆ; ಗಾಡಿ ಮತ್ತೆ ತಿರುಗಿದ ದಿನವೇ ಆ ತುಕ್ಕು ರಬ್ಬರನ್ನು ಅರದಂತೆ ಉಜ್ಜಿಬಿಡುತ್ತದೆ. ‘ಹದಿನೈದು ವರ್ಷ ಹೊರಗ ತೆಗದೇ ಇಲ್ಲ, ಹೊಸದರಂಗ ಅದ’ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರಲ್ಲ, ಆ ಮಾತು ಕೇಳಿದಾಗ ಬೆಲೆಯಲ್ಲಿ ಸೀಲು ಬೇರಿಂಗಿನ ಖರ್ಚು ಕಳೆದೇ ಲೆಕ್ಕ ಹಾಕಬೇಕು.

ನೆಲೋಗಿಯ ಗಾಡಿಗೆ ಮೊದಲು ಮಾಡಿದ್ದು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ. ನೆಲೋಗಿ ಕ್ರಾಸಿನಿಂದ ಜೇವರ್ಗಿ ಕಡೆ ಹೊರಟೆವು. ಎಂದಿನಂತೆ ಗಾಡಿ ಸೀನಿ, ಕೆಮ್ಮಿ ನಿಂತಿತು. ತಕ್ಷಣ ಟ್ಯಾಂಕಿನ ಮುಚ್ಚಳ ತಿರುವಿದೆ. ಸುಯ್ ಎಂದು ಗಾಳಿ ಒಳಕ್ಕೆ ಹೋದ ಸದ್ದು ಇಬ್ಬರಿಗೂ ಕೇಳಿಸಿತು. ಕಿಕ್ ಹೊಡೆದ, ಚಾಲೂ ಆಯಿತು. ಟ್ಯಾಂಕಿನಿಂದ ಪೆಟ್ರೋಲು ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಮುಚ್ಚಿದರೆ ಟ್ಯಾಂಕಿನೊಳಗೆ ಒತ್ತಡ ಇಳಿದು, ಪೆಟ್ರೋಲು ಪೈಪಿಗೆ ಬರುವುದೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಎಲ್ಲಿಂದಲೋ ಗಾಳಿ ನುಸುಳಿ ಮತ್ತೆ ಓಡುತ್ತದೆ. ಮಾರುವ ಮುಂಚೆ ಗಾಡಿಗೆ ಬಣ್ಣ ಹೊಡೆಸುವಾಗ ಆ ತೂತಿನಲ್ಲಿ ಬಣ್ಣ ಕುಳಿತಿತ್ತು. ಅವನು ಯಾವ ಮಿಂಚಿಗೆ ಮರುಳಾಗಿ ಗಾಡಿ ಕೊಂಡಿದ್ದನೋ ಅದೇ ಮಿಂಚು ಅವನನ್ನು ರಸ್ತೆಯಲ್ಲಿ ನಿಲ್ಲಿಸುತ್ತಿತ್ತು. ಗುಂಡುಪಿನ್ನಿನಿಂದ ತೂತು ಬಿಡಿಸಿದೆವು.

ಮುಚ್ಚಳ ತೆಗೆದರೂ ಚಾಲೂ ಆಗದೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಏಳುತ್ತಿದ್ದರೆ ಅನುಮಾನ ಕಂಡೆನ್ಸರಿನ ಮೇಲೆ ಹೋಗಬೇಕು. ಹಳೇ ಯೆಜ್ಡಿಯದು 6 ವೋಲ್ಟ್ ವ್ಯವಸ್ಥೆ. ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ತೆರೆದ ಗಳಿಗೆಯಲ್ಲಿ ಆ ಕರೆಂಟು ಥಟ್ಟನೆ ನಿಂತರೆ ಮಾತ್ರ ಪ್ಲಗ್ಗಿನಲ್ಲಿ ಸಾವಿರಾರು ವೋಲ್ಟಿನ ಕಿಡಿ ಹುಟ್ಟುತ್ತದೆ. ಕರೆಂಟು ಪಾಯಿಂಟಿನ ಸಂದಿನಲ್ಲೇ ಹಾರಿಹೋಗದಂತೆ ತಡೆದು ತನ್ನೊಳಗೆ ತುಂಬಿಕೊಳ್ಳುವುದು ಕಂಡೆನ್ಸರ್. ಅದರ ಒಳಗಿನ ನಿರೋಧಕ ಪದರ ಹಳತಾದರೆ ಬಿಸಿಯಲ್ಲಿ ಸೋರುತ್ತದೆ, ತಣ್ಣಗಾದಾಗ ಸರಿಯಿದ್ದಂತೆ ತೋರುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಅದಕ್ಕೆ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ಎಂಜಿನ್ ಓಡುವಾಗ ಪಾಯಿಂಟಿನಲ್ಲಿ ದೊಡ್ಡದಾಗಿ ಬಿಳಿ ಕಿಡಿ ಹಾರುತ್ತಿದ್ದರೆ, ಪಾಯಿಂಟಿನ ಮುಖ ಕುಳಿ ಬಿದ್ದಿದ್ದರೆ ಕಂಡೆನ್ಸರ್ ಬದಲಿಸಿ, ಪಾಯಿಂಟ್ ಉಜ್ಜಿ, ಸಂದು 0.4 ಮಿಲಿಮೀಟರ್ ಆಸುಪಾಸಿಗೆ ಇಡಬೇಕು. ಅಗ್ಗದ ಭಾಗ, ಅರ್ಧ ಗಂಟೆಯ ಕೆಲಸ.

ಹೊಗೆಯ ತಕರಾರು ಹಾಗೆಯೇ ಉಳಿದಿತ್ತು. ಗಿಯರ್ ಆಯಿಲ್ ನೋಡಿದರೆ ಅರ್ಧ ಮಾಯ. ಎಡದ ಸೀಲು ಎಂದು ಮನಸ್ಸು ಹೇಳಿತು, ಆದರೆ ಊಹೆಯ ಮೇಲೆ ಎಂಜಿನ್ ಬಿಚ್ಚಿಸುವುದು ತಪ್ಪು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಲೋಹದ ಚಿಪ್ಪಿಗೆ ಸೈಕಲ್ ಟ್ಯೂಬಿನ ವಾಲ್ವು ಬೆಸೆಸಿದೆವು. ಕಾರ್ಬೋರೇಟರ್ ಬಿಚ್ಚಿ ಆ ಬಾಯಿಗೂ, ಎರಡು ಸೈಲೆನ್ಸರ್ ಬಿಚ್ಚಿ ಆ ಬಾಯಿಗಳಿಗೂ ರಬ್ಬರ್ ಬಿರಡೆ ಬಿಗಿದೆವು. ಪಿಸ್ಟನ್ ಕೆಳಗಿಳಿಸಿದರೆ ಪಕ್ಕದ ದಾರಿಗಳು ತೆರೆದು ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆಯಾಗುತ್ತವೆ. ಪ್ಲಗ್ಗಿನ ತೂತಿನಿಂದ ಸೈಕಲ್ ಪಂಪಿನಲ್ಲಿ 6 ಪಿಎಸ್ಐನಷ್ಟು ಮಾತ್ರ ಗಾಳಿ ತುಂಬಿದೆವು. ಹೆಚ್ಚು ತುಂಬಿದರೆ ಒಳ್ಳೆಯ ಸೀಲೇ ಮಗುಚಿಕೊಳ್ಳಬಹುದು. ಆರೋಗ್ಯವಂತ ಎಂಜಿನ್ನು ಆ ಒತ್ತಡವನ್ನು ಐದಾರು ನಿಮಿಷ ಹಿಡಿದಿಡುತ್ತದೆ. ಇಲ್ಲಿ ಒತ್ತಡಮಾಪಕದ ಮುಳ್ಳು ನೋಡನೋಡುತ್ತಲೇ ಬಿತ್ತು. ಸಾಬೂನು ನೀರು ಅದ್ದಿದ ಕುಂಚವನ್ನು ಡೈನಮೋ ಕಡೆ ಆಡಿಸಿದೆವು, ಗುಳ್ಳೆ ಇಲ್ಲ. ಸಿಲಿಂಡರಿನ ಬುಡದ ಗ್ಯಾಸ್ಕೆಟ್‌ಗೆ ಆಡಿಸಿದೆವು, ಇಲ್ಲ. ಗಿಯರ್ ಆಯಿಲ್ ಹಾಕುವ ಬಾಯಿಗೆ ನೊರೆ ಸವರಿದೊಡನೆ ದೊಡ್ಡ ಗುಳ್ಳೆ ಉಬ್ಬಿ ಒಡೆಯಿತು, ಮತ್ತೊಂದು ಉಬ್ಬಿತು. ‘ಸಿಕ್ತ್ ನೋಡ್ರಿ ಕಳ್ಳ’ ಎಂದು ಅವನು ಕೂಗಿದ. ಎಡದ ಸೀಲೇ. ಎಂಜಿನ್ ಬಿಚ್ಚುವ ಮುನ್ನ ರೋಗ ಹೆಸರು ಸಮೇತ ಗೊತ್ತಾದದ್ದರಿಂದ ಮಿಸ್ತ್ರಿಯೂ ಖುಷಿಯಾದ.

ಎಳೆತ ಇಲ್ಲ ಎಂಬ ದೂರಿಗೆ ಬಹುಪಾಲು ಸೈಲೆನ್ಸರೇ ಕಾರಣ. ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲ್ ಉರಿದು ಇದ್ದಿಲಾಗಿ ಹೊಗೆಯ ಕಿಂಡಿಯನ್ನೂ ಸೈಲೆನ್ಸರಿನ ಒಳಜಾಳಿಗೆಯನ್ನೂ ಕಟ್ಟುತ್ತದೆ. ಉರಿದದ್ದು ಹೊರಗೆ ಹೋಗದಿದ್ದರೆ ಹೊಸದು ಒಳಗೆ ಬರಲು ಜಾಗವಿಲ್ಲ. ಜಾಳಿಗೆ ಹೊರಗೆಳೆದು ಕೆರೆಯಬೇಕು, ಕಿಂಡಿಯ ಕರಿಯನ್ನು ಕಟ್ಟಿಗೆ ಚೂರಿನಿಂದ ಬಿಡಿಸಬೇಕು. ಕಬ್ಬಿಣದಿಂದ ಕೆರೆದರೆ ಪಿಸ್ಟನ್ನಿಗೆ ಗೀರು. ಊರ ಹುಡುಗರು ದಡದಡ ಸದ್ದಿಗಾಗಿ ಜಾಳಿಗೆಯನ್ನೇ ಕಿತ್ತೆಸೆಯುತ್ತಾರೆ. ಟೂ ಸ್ಟ್ರೋಕಿನಲ್ಲಿ ಹೊಗೆಯ ಕೊಳವೆ ಎಂಜಿನ್ನಿನದೇ ಒಂದು ಭಾಗ. ಅಲ್ಲಿಂದ ಮರಳಿ ಬರುವ ಒತ್ತಡದ ಅಲೆ, ಉರಿಯದ ಹೊಸ ಆವಿ ಹೊರಗೆ ಹಾರಿಹೋಗದಂತೆ ತಡೆಯುತ್ತದೆ. ಜಾಳಿಗೆ ಕಿತ್ತರೆ ಸದ್ದು ಹೆಚ್ಚುತ್ತದೆ, ಶಕ್ತಿ ಇಳಿಯುತ್ತದೆ, ಪೆಟ್ರೋಲು ಪೋಲಾಗುತ್ತದೆ.

ಈಗಿನ ಪೆಟ್ರೋಲಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪಂಪಿನಲ್ಲಿ ಸಿಗುವುದರಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಭೀಮಾ ದಂಡೆಯಲ್ಲಿ ಬೆಳೆಯುವಂಥ ಕಬ್ಬಿನಿಂದಲೂ ಅದನ್ನು ತೆಗೆಯುತ್ತಾರೆ, ಆ ಮಟ್ಟಿಗೆ ರೈತನಿಗೆ ಒಳ್ಳೆಯದೇ. ಆದರೆ ಹಳೇ ಎಂಜಿನ್ನಿಗೆ ಅದು ಹೊಸ ಆಹಾರ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಕಿಲೋ ಸಾಕು. ಬರೀ ಪೆಟ್ರೋಲಿಗೆಂದು ಕೊರೆದ ಕಾರ್ಬೋರೇಟರಿನ ಹಳೇ ಜೆಟ್ಟಿನಲ್ಲಿ ಈ ಮಿಶ್ರಣ ಹರಿದರೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದಾಗುತ್ತದೆ. ಎಂಜಿನ್ ಹೆಚ್ಚು ಕಾಯುತ್ತದೆ. ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿ, ಪ್ಲಗ್ಗು ತಿಳಿ ಕಂದು ಬಣ್ಣಕ್ಕೆ ಬರುವವರೆಗೆ ಹೊಂದಿಸಬೇಕು. ಎಥನಾಲು ಹಳೇ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬೋರೇಟರನ್ನೂ ಬರಿದು ಮಾಡಿಡಿ.

ಟೂಟಿ ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಈ ಎಂಜಿನ್ನಿನ ಕ್ರ್ಯಾಂಕಿಗೆ, ಪಿಸ್ಟನ್ನಿಗೆ ಬೇರೆ ಎಣ್ಣೆಯ ದಾರಿ ಇಲ್ಲ; ಪೆಟ್ರೋಲಿನ ಜೊತೆ ಬಂದದ್ದಷ್ಟೇ ಅವಕ್ಕೆ ಗತಿ. ಲೀಟರಿಗೆ 40 ಮಿಲಿಲೀಟರ್ ಹಾಕಿ, ಚೆನ್ನಾಗಿ ಬೆರೆಸಿ. ಹೊಗೆ ಬರುತ್ತದೆಂದು ಆಯಿಲ್ ಕಡಿಮೆ ಮಾಡಿದವರ ಪಿಸ್ಟನ್ ಜಾಮ್ ಆಗುವುದನ್ನು ಗ್ಯಾರೇಜಿನವರು ಇಂದಿಗೂ ನೋಡುತ್ತಿದ್ದಾರೆ.

ಇನ್ನೂ ಗಾಡಿ ಕೊಳ್ಳದವರಿಗೆ ಎರಡು ಮಾತು. ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಅಕ್ಷರ ಅಕ್ಷರ ಹೊಂದಬೇಕು. 15 ವರ್ಷದ ನಂತರದ ನವೀಕರಣ ಆಗಿದೆಯೇ ನೋಡಬೇಕು. ಇಲ್ಲದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕೈ ಮುಗಿದು ಬನ್ನಿ. ಮತ್ತೆ, 2022ರಲ್ಲಿ ಬಂದ ಹೊಸ ಯೆಜ್ಡಿಗಳು ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಬೇರೆಯೇ ಎಂಜಿನ್. ಅವುಗಳ ಎಂಜಿನ್ ಭಾಗ ಹಳೆಯದಕ್ಕೆ ಹೊಂದುವುದಿಲ್ಲ.

ಈಗಾಗಲೇ ಕೊಂಡು ಕೊರಗುತ್ತಿರುವವರಿಗೆ ನನ್ನ ವಿನಂತಿ ಇಷ್ಟು. ಮೊದಲು ಮುಚ್ಚಳ, ಆಮೇಲೆ ಪಾಯಿಂಟು ಕಂಡೆನ್ಸರು, ಆಮೇಲೆ ಸೈಲೆನ್ಸರ್ ನೋಡಿ. ಗಾಳಿ ತುಂಬಿ ಸೋರಿಕೆ ಪರೀಕ್ಷಿಸದೆ ಯಾರಿಗೂ ಎಂಜಿನ್ ಬಿಚ್ಚಲು ಕೊಡಬೇಡಿ. ಬಿಚ್ಚಲೇಬೇಕಾಗಿ ಬಂದರೆ ಎರಡೂ ಬದಿಯ ಸೀಲು, ಬೇರಿಂಗು ಒಟ್ಟಿಗೇ ಬದಲಿಸಿ, ಏಕೆಂದರೆ ಬಿಚ್ಚಿ ಜೋಡಿಸುವ ಕೂಲಿ ಎರಡಕ್ಕೂ ಒಂದೇ.