ಗ್ರೂಪ್ ಫೋಟೋದ ಹಿಂಬದಿ



ಮಸ್ಕತ್ತಿನಿಂದ ಬಂದವರು ನಮ್ಮ ಸೂರ್‌ನಲ್ಲಿ ನೆಲದ ಮೇಲೆ ನಿಲ್ಲಿಸಿರುವ ಮರದ ಹಡಗನ್ನು ನೋಡಿರುತ್ತೀರಿ. ಅದರ ಹೆಸರು ಫತಹ್ ಅಲ್ ಖೈರ್. 1951ರಲ್ಲಿ ಇದೇ ಊರಿನಲ್ಲಿ ಕಟ್ಟಿದ್ದು. ಮುಂದೆ ಮಾರಾಟವಾಗಿ ಯೆಮನ್ ಸೇರಿತ್ತು. 1993ರಲ್ಲಿ ಊರಿನವರು ಹಣ ಕೂಡಿಸಿ ಅದನ್ನು ವಾಪಸ್ ತಂದರು. ಸರಕು ಹೊರುವ ಕಾಲ ಮುಗಿದಿದ್ದರೂ ಅದು ಅವರಿಗೆ ಬೇಕಾಗಿತ್ತು. ಇಲ್ಲಿ ಹಡಗು ಕಟ್ಟಿದ ಬಡಗಿಗಳ ಮೊಮ್ಮಕ್ಕಳು ಇಲ್ಲೇ ಇದ್ದಾರಲ್ಲ.

ಕಾಲೇಜಿನ ಬಗ್ಗೆ ಮಾತಾಡಲು ಕರೆದರೆ ಇವನು ಹಡಗು ಹತ್ತಿ ಕೂತ ಎನ್ನಬೇಡಿ. ನಾನು ಓದಿದ, ನನಗಿಂತ ಮೊದಲು ನನ್ನ ಅಪ್ಪ ಓದಿದ, ಮೈಸೂರಿನ ಮಹಾರಾಜ ಕಾಲೇಜಿನ ಚರಿತ್ರೆಯೂ ಹೀಗೇ ಊರು ಬಿಟ್ಟು ಎಲ್ಲೆಲ್ಲೋ ಸೇರಿಕೊಂಡಿದೆ. ಅದರಲ್ಲಿ ಒಂದಿಷ್ಟು ಈ ಸಭಾಂಗಣದಲ್ಲಿ ಕೂತಿರುವವರ ಸೂಟ್‌ಕೇಸುಗಳಲ್ಲೂ ಇರಬಹುದು.

ದೊಡ್ಡ ಹೆಸರುಗಳಿಗೆ ನಮ್ಮ ಕಾಲೇಜಿನಲ್ಲಿ ಬರವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆ ಅದರ ಬೇರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದಕ್ಕೆ ಕಲಾ ಕಾಲೇಜಾಗಿ ಒದಗಿದ್ದು ಇದೇ. ಬಿ.ಎಂ.ಶ್ರೀ. ಇಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಹುಡುಗರಿಗೆ ಕನ್ನಡದ ಹುಚ್ಚು ಹಿಡಿಸಿದರು. ಆರ್.ಕೆ. ನಾರಾಯಣ್ ಇಲ್ಲಿಂದಲೇ ಬಿ.ಎ. ಮಾಡಿಕೊಂಡು ಹೊರಟರು. ಕುವೆಂಪು ಇಲ್ಲಿ ವಿದ್ಯಾರ್ಥಿ, ಅಧ್ಯಾಪಕ, ಪ್ರಿನ್ಸಿಪಾಲ್ ಎಲ್ಲವೂ ಆಗಿ, 1956ರಲ್ಲಿ ಕುಲಪತಿಗಳಾದರು. ಇವರನ್ನು ಉಳಿಸಲು ನಾವು ಬೇಕಿಲ್ಲ.

ಆದರೆ ಇವರ ಸುತ್ತ ಇದ್ದವರು? ಡಾ. ಎಸ್. ರಾಧಾಕೃಷ್ಣನ್ 1918ರಿಂದ ಮೂರು ವರ್ಷ ಇಲ್ಲಿ ತತ್ತ್ವಶಾಸ್ತ್ರ ಹೇಳಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳೇ ಅವರ ಗಾಡಿಯನ್ನು ರೈಲ್ವೆ ನಿಲ್ದಾಣದವರೆಗೆ ಎಳೆದರು ಎಂಬ ಕಥೆ ನಿಮಗೆಲ್ಲ ಗೊತ್ತು. ಕಥೆ ಹೇಳುವವರು ಗುರುವಿನ ಹೆಸರು ಹೇಳುತ್ತಾರೆ, ಎಳೆದ ಹುಡುಗರ ಹೆಸರು ಹೇಳುವುದಿಲ್ಲ. ಇನ್ನೊಂದು ಕಡೆ ಟಿ.ಎಸ್. ವೆಂಕಣ್ಣಯ್ಯನವರನ್ನು ನೋಡಿ. ಅವರು ತೀರಿಕೊಂಡದ್ದು 1939ರಲ್ಲಿ. ಇವತ್ತಿಗೂ ಸಾಹಿತ್ಯ ಓದುವವರ ಬಾಯಲ್ಲಿ ಅವರ ಹೆಸರಿದೆ. ಶಿಷ್ಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅವರಿಗೆ ಅರ್ಪಿಸಿದ್ದು ಅದಕ್ಕೆ ಮುಖ್ಯ ಕಾರಣ. ಬರೆದಿಟ್ಟ ಹೆಸರು ಉಳಿಯಿತು, ಅಷ್ಟೇ.

ನನ್ನದೇ ತಪ್ಪು ಹೇಳಿಕೊಳ್ಳುತ್ತೇನೆ. ಅಪ್ಪನ ಬಿ.ಎ. ತರಗತಿಯ ಗ್ರೂಪ್ ಫೋಟೋ ನಮ್ಮ ಮನೆಯ ಗೋಡೆಯ ಮೇಲಿತ್ತು. ಒಟ್ಟು ಐವತ್ತೆರಡು ಮುಖ. ಕೊನೆಯ ಸಾಲಿನ ತುದಿಯಲ್ಲಿ ಪೇಟ ಸುತ್ತಿದ ಒಬ್ಬರು ಕೊಂಚ ದೂರ ಸರಿದು ನಿಂತಿದ್ದಾರೆ. ಅವರು ಗಂಟೆ ಹೊಡೆಯುತ್ತಿದ್ದ ಜವಾನರು. ಹುಡುಗರು ಬಲವಂತದಿಂದ ಕರೆದು ನಿಲ್ಲಿಸಿದ್ದರಂತೆ. ಫೀಸು ಕಟ್ಟಲು ತಡವಾದ ಒಂದು ತಿಂಗಳು ಅಪ್ಪನಿಗೆ ಸಾಲ ಕೊಟ್ಟವರೂ ಅವರೇ. ಪ್ರತಿ ಶುಕ್ರವಾರ ಸೂರ್‌ನಿಂದ ಫೋನ್ ಮಾಡಿದಾಗಲೂ ‘ಈ ಸಲ ರಜೆಗೆ ಬಂದಾಗ ಎಲ್ಲರ ಹೆಸರೂ ಬರೆದುಕೊಳ್ತೀನಿ ಅಪ್ಪ’ ಅನ್ನುತ್ತಿದ್ದೆ. ರಜೆಗೆ ಹೋದಾಗ ಸೈಟು, ಬ್ಯಾಂಕು, ಮದುವೆ ಮನೆ. ಅಪ್ಪ ಹೋದ ಮೇಲೆ ಫೋಟೋ ಇಳಿಸಿ ಹಿಂಬದಿ ನೋಡಿದೆ. ಸ್ಟುಡಿಯೋದ ಮೊಹರು ಬಿಟ್ಟರೆ ಏನೂ ಇರಲಿಲ್ಲ. ಅಪ್ಪನ ಗೆಳೆಯರಿಬ್ಬರನ್ನು ಹಿಡಿದು ಹತ್ತೊಂಬತ್ತು ಹೆಸರು ಕೂಡಿಸಿದ್ದೇನೆ. ಪೇಟದವರ ಹೆಸರು ಅವರಿಗೂ ಮರೆತಿತ್ತು.

ಕಾಲೇಜಿನವರೇ ಇದನ್ನೆಲ್ಲ ಇಟ್ಟುಕೊಂಡಿರುತ್ತಾರೆ ಎಂಬ ಭರವಸೆ ಬೇಡ. ಹಳೆಯ ಕಟ್ಟಡಗಳ ಸ್ಥಿತಿ ನಿಮಗೆ ಗೊತ್ತೇ ಇದೆ. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಭಾಗ ಕುಸಿದೇ ಬಿತ್ತು. ಅಲ್ಲದೆ ಹಾಜರಿ ಪುಸ್ತಕದಲ್ಲಿ ಹೆಸರು ಸಿಕ್ಕೀತು, ಸಾಲ ಕೊಟ್ಟದ್ದು ಸಿಗುವುದಿಲ್ಲ.

ಹಾಗಾದರೆ ಇಲ್ಲಿ ಕೂತು ನಾವು ಮಾಡಬಹುದಾದದ್ದೇನು? ಮೊದಲು ಫೋಟೋ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ, ಶಾಯಿ ಹರಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಲ್ಯಾಮಿನೇಷನ್ ಮಾಡಿಸಲೇಬೇಡಿ, ಸೆಲೋಟೇಪ್ ಹಚ್ಚಬೇಡಿ. ಎರಡನ್ನೂ ಆಮೇಲೆ ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ ಇಟ್ಟುಕೊಳ್ಳಿ, ಗ್ರೂಪ್ ಫೋಟೋದಲ್ಲಿ ಒಂದೊಂದು ಮುಖವೂ ಕಡಲೆಕಾಳಿನಷ್ಟೇ ಇರುತ್ತದೆ. ನಮ್ಮವರೆಲ್ಲ ಮಾಡುವ ತಪ್ಪು ಎಂದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದೇ ಕಳಿಸುವುದು. ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದ ಹಾಗೆ ಹೋಗುತ್ತದೆ. ಇನ್ನು ಇಲ್ಲಿಯ ಬೇಸಿಗೆಯಲ್ಲಿ ಹಳೆಯ ಆಲ್ಬಮ್ಮನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಎರಡನೆಯದು ಮಾತು. ಊರಲ್ಲಿರುವ ಹಿರಿಯರಿಗೆ ಫೋನ್ ಮಾಡಿ ‘ಕಾಲೇಜು ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತಪ್ಪ’ ಎಂಬಲ್ಲಿಗೆ ಮುಗಿಯುತ್ತದೆ. ಊಟ ಎಲ್ಲಿ ಮಾಡುತ್ತಿದ್ದಿರಿ ಎಂದು ಕೇಳಿ. ವಾರಾನ್ನ ಉಂಡು ಓದಿದವರಾದರೆ ಸೋಮವಾರದ ಮನೆ ಯಾವುದು, ಗುರುವಾರದ ಮನೆ ಯಾವುದು, ಎಲ್ಲಿ ಒಳಗೆ ಕೂರಿಸಿದರು, ಎಲ್ಲಿ ಜಗುಲಿಯಲ್ಲಿ, ಎಲ್ಲ ಹೊರಬರುತ್ತದೆ. ಫೋಟೋ ಮುಂದಿಟ್ಟುಕೊಂಡು ಕೇಳಿದರೆ ಇನ್ನೂ ಒಳ್ಳೆಯದು. ಇದರಲ್ಲಿ ಯಾರು ಇಲ್ಲ, ಏಕೆ ಇಲ್ಲ ಎಂದೂ ಕೇಳಿ. ಹುಡುಗಿಯರು ಎಷ್ಟು ಜನ, ದಲಿತ ಹುಡುಗರು ಎಲ್ಲಿ ಉಳಿದುಕೊಂಡಿದ್ದರು, ಅರ್ಧಕ್ಕೆ ಬಿಟ್ಟವರು ಯಾರು. ರೆಕಾರ್ಡ್ ಮಾಡುತ್ತಿದ್ದೇನೆ ಎಂದು ಮೊದಲೇ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಅವರು ಬೇಡ ಎಂದ ಮಾತನ್ನು ಅಳಿಸಿ.

ಮೂರನೆಯದನ್ನು ನಮ್ಮ ಕಾಲೇಜಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಂದ ಕಲಿಯಬೇಕು. ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು ಬರೆದ ಟಿಪ್ಪಣಿಗಳನ್ನು ವರ್ಷಗಟ್ಟಲೆ ತಿದ್ದಿ ಜೋಡಿಸಿಟ್ಟಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. ಜೋಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳಿದ್ದವು. ಮೂರೂ ಅಲ್ಲೇ ಇದ್ದವು, ಮೂರೂ ಸುಟ್ಟವು. ಅವರು ನೆನಪಿನ ಬಲದಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು, ಲೋಕಪ್ರಸಿದ್ಧವೂ ಆಯಿತು. ಅಂಥ ನೆನಪಿನ ಶಕ್ತಿ ನಮಗಿಲ್ಲ. ಆದ್ದರಿಂದ ಒಂದು ಪ್ರತಿ ನಿಮ್ಮಲ್ಲಿ, ಒಂದು ಊರಿನ ಮನೆಯಲ್ಲಿ, ಇನ್ನೊಂದು ಕಾಲೇಜಿನ ಗ್ರಂಥಾಲಯಕ್ಕೆ. ಕೊಡುವಾಗ ಯಾರದ್ದು, ಯಾವ ವರ್ಷದ್ದು ಎಂದು ಒಂದು ಹಾಳೆಯಲ್ಲಿ ಬರೆದು, ಸ್ವೀಕೃತಿ ಪತ್ರ ಪಡೆಯಿರಿ. ನೀವು ಓದಿದ್ದು ಮಂಗಳೂರಿನಲ್ಲೋ ಧಾರವಾಡದಲ್ಲೋ ಆದರೂ ಕೆಲಸ ಇದೇ.

ಹೊರಗೆ ಕಾಫಿ ಮೇಜಿನ ಪಕ್ಕ ಸ್ಕ್ಯಾನರ್ ಇಟ್ಟಿದ್ದೇವೆ, ಪೆನ್ಸಿಲ್ ಕೂಡ ಇದೆ. ಅಪ್ಪನ ಫೋಟೋ ಅಲ್ಲೇ ಒರಗಿಸಿದ್ದೇನೆ. ನಿಮ್ಮ ತಂದೆಯೋ ಚಿಕ್ಕಪ್ಪನೋ 1962ರ ಸುಮಾರಿಗೆ ಮಹಾರಾಜ ಕಾಲೇಜಿನಲ್ಲಿ ಇದ್ದವರಾದರೆ, ಊಟಕ್ಕೆ ಹೋಗುವ ಮೊದಲು ಒಮ್ಮೆ ಬಗ್ಗಿ ನೋಡಿ. ಕೊನೆಯ ಸಾಲು, ಬಲತುದಿ, ಪೇಟ.