ಮೇವೋ, ಹಲಗೆಯೋ?

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಮರದ ಹೊಟ್ಟಿಗೆ ಹುಣಸೆಬೀಜದ ಅಂಟು ಬೆರೆಸಿ ಗೊಂಬೆಗಳಿಗೆ ರೂಪ ಕೊಡುತ್ತ ಬಂದವರು. ಪೀಠೋಪಕರಣಗಳಿಗೆ ಬಳಸುವ ಪಾರ್ಟಿಕಲ್ ಬೋರ್ಡ್‌ನ ತತ್ತ್ವವೂ ಬಹುಮಟ್ಟಿಗೆ ಇದೇ: ಮರದ ಚೂರಿಗೆ ಅಂಟು ಸೇರಿಸಿ ಬಿಸಿಯಲ್ಲಿ ಒತ್ತುವುದು, ಮೇಲೆ ಮೆಲಮೈನ್ ಕಾಗದ ಹೊದಿಸುವುದು.

ಆದರೆ ಈ ಬಯಲು ಜಿಲ್ಲೆಯಲ್ಲಿ ಕಾಡು ವಿರಳ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅರಣ್ಯದ ಮರ ಕಡಿತಕ್ಕೆ ಕಡಿವಾಣ ಹಾಕಿದ ಮೇಲೆ ಕಾಡನ್ನು ನೆಚ್ಚಿ ಯಾರೂ ಇಂಥ ಉದ್ಯಮ ಕಟ್ಟುವಂತಿಲ್ಲ. ಹರಿಯಾಣದ ಯಮುನಾನಗರಕ್ಕೆ ರೈತರು ಬೆಳೆದ ಪಾಪ್ಲರ್ ಆಸರೆಯಾಯಿತು. ಕುಷ್ಟಗಿ, ಯಲಬುರ್ಗಾದ ಒಣನೆಲದಲ್ಲಿ ಅಂಥ ನೆಡುತೋಪು ಸುಲಭವಲ್ಲ. ಸಹಜವಾಗಿಯೇ ದೃಷ್ಟಿ ತುಂಗಭದ್ರಾ ಎಡದಂಡೆಯ ಗಂಗಾವತಿಯ ಭತ್ತದ ಹುಲ್ಲಿನತ್ತ ಹೊರಳುತ್ತದೆ. ಕಟಾವು ಯಂತ್ರ ಹೋದ ಮೇಲೆ ಗದ್ದೆಯಲ್ಲಿ ಉಳಿದದ್ದಕ್ಕೆ ಬೆಂಕಿ ಇಡುವುದೂ ಉಂಟಲ್ಲ!

ತೊಡಕು ಹುಲ್ಲಿನ ಮೈಯಲ್ಲೇ ಇದೆ. ಅದರ ಮೇಣ ಮತ್ತು ಸಿಲಿಕಾದಿಂದಾಗಿ ಅಗ್ಗದ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಸರಿಯಾಗಿ ಹಿಡಿಯದು. ದುಬಾರಿ ಐಸೊಸೈನೇಟ್ ಬೇಕು. ಯಂತ್ರದ ಅಲಗುಗಳೂ ಬೇಗ ಸವೆಯುತ್ತವೆ. ಈ ಲೆಕ್ಕವನ್ನು ಹೂಡಿಕೆದಾರ ಹಾಕಿಕೊಳ್ಳುತ್ತಾನೆ.

ಸರ್ಕಾರದ ಲೆಕ್ಕ ಬೇರೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ದನಗಳಿಗೆ ಇದೇ ಹುಲ್ಲು ಮೇವಾಗಬಲ್ಲದು. ವರ್ಷವಿಡೀ ಹುಲ್ಲು ಬೇಡುವ ಕಾರ್ಖಾನೆಯೆದುರು ಬರಪೀಡಿತ ರೈತ ಬೆಲೆ ಕೂಗಿ ಗೆಲ್ಲಲಾರ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿಯ ನೀರೂ ಶಾಶ್ವತವಲ್ಲವೆಂಬುದು ಕಂಡಿತು.

ಉದ್ಯಮ ಬೇಡವೆನ್ನುತ್ತಿಲ್ಲ. ಸುಡುವ ಹುಲ್ಲನ್ನಷ್ಟೇ ಕೊಳ್ಳಬೇಕು, ಬರ ಘೋಷಣೆಯಾದೊಡನೆ ಖರೀದಿ ನಿಲ್ಲಬೇಕು. ಈ ಎರಡು ಷರತ್ತು ಜಮೀನು ಮಂಜೂರಾತಿಯ ಆದೇಶದಲ್ಲೇ ಇರಲಿ. ಮಂಜೂರಾದ ಮೇಲೆ ಷರತ್ತು ಸೇರಿಸುವುದು ಎಂಥ ಕಷ್ಟವೆಂಬುದನ್ನು ಕಡತಗಳ ನಡುವೆ ಬಾಳಿದ ನನ್ನಂಥವರು ಬಲ್ಲೆವು.