ರೀಡರ್ ಯಂತ್ರದ ಗಡಿಯಾರವೂ ದಾಖಲೆಯ ಕಾಲನಿರ್ಣಯವೂ

ಶಾಸನೋಕ್ತವಾದ ಶಕವರ್ಷ, ತಿಥಿ, ವಾರಗಳು ಪರಸ್ಪರ ಹೊಂದುತ್ತವೆಯೇ ಎಂದು ಪರೀಕ್ಷಿಸದೆ ನಾವು ಅದರ ಕಾಲವನ್ನು ಅಂಗೀಕರಿಸುವುದಿಲ್ಲ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಕಾಲಗಣನೆಯ ಕೋಷ್ಟಕಗಳು ಇಂದಿಗೂ ನಮಗೆ ಆಧಾರವಾಗಿರುವುದು ಈ ಕಾರ್ಯಕ್ಕಾಗಿಯೇ. ಆದರೆ ಯಂತ್ರವು ಬರೆದ ಕಾಲವನ್ನು ಮಾತ್ರ ಪ್ರಶ್ನಿಸದೆ ನಂಬುತ್ತೇವೆ. ಹೀಗೆ ನಂಬಿದುದರಿಂದ ಹಸ್ತಪ್ರತಿ ಕೊಠಡಿಯ ಅಟೆಂಡರೊಬ್ಬರು ಮೂರು ದಿನ ಸಂಶಯಕ್ಕೆ ಗುರಿಯಾಗಬೇಕಾಯಿತು.

ಕೊಠಡಿಯ ಬಾಗಿಲಲ್ಲಿ ಆರ್.ಎಫ್.ಐ.ಡಿ. ರೀಡರ್ ಒಂದಿದೆ. ತಾಳೆಗರಿಯ ಕಟ್ಟಿಗೆ ಅಂಟಿಸಿದ ಚೀಟಿಯನ್ನು ರೇಡಿಯೋ ತರಂಗಗಳಿಂದ ಓದಿ, ಕಟ್ಟು ಹೊರಹೋದ ವೇಳೆಯನ್ನು ಅದು ಕಂಪ್ಯೂಟರಿಗೆ ತಿಳಿಸುತ್ತದೆ. ಒಂದು ಕಟ್ಟು ರಾತ್ರಿ 8 ಗಂಟೆ 10 ನಿಮಿಷಕ್ಕೆ ಹೊರಹೋಯಿತೆಂದು ದಾಖಲೆ ನುಡಿಯಿತು. ಕೊಠಡಿ ಮುಚ್ಚುವುದು 5 ಗಂಟೆಗೆ. ಬೀಗದ ಕೈ ಇದ್ದುದು ಅವರ ವಶದಲ್ಲಿ. ಆದರೆ ಅವರೇ ಬರೆದಿಟ್ಟ ಪುಸ್ತಕದಲ್ಲಿ, ಅದೇ ದಿನ ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ಆ ಕಟ್ಟನ್ನು ಛಾಯಾಚಿತ್ರಣಕ್ಕೆ ಕೊಟ್ಟ ನಮೂದಿತ್ತು. ಎರಡಕ್ಕೂ ಇರುವ ಅಂತರ ಸರಿಯಾಗಿ 5 ಗಂಟೆ 30 ನಿಮಿಷ. ಇದನ್ನು ಕಂಡೊಡನೆಯೇ ದೋಷವೆಲ್ಲಿದೆ ಎಂಬುದು ಸ್ಪಷ್ಟವಾಯಿತು.

ಇಂಥ ಯಂತ್ರಗಳು ಸಾಮಾನ್ಯವಾಗಿ ಯು.ಟಿ.ಸಿ. ಎಂಬ ಸಾರ್ವತ್ರಿಕ ಕಾಲವನ್ನು ಅನುಸರಿಸುತ್ತವೆ. ಭಾರತೀಯ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದು. ಯಂತ್ರವನ್ನು ಹೂಡಿದವರು ಗಡಿಯಾರವನ್ನು ಭಾರತೀಯ ಕಾಲಕ್ಕೇ ತಿರುಗಿಸಿದ್ದರು, ಅದನ್ನು ಯು.ಟಿ.ಸಿ. ಎಂದು ಭಾವಿಸಿದ ಕಂಪ್ಯೂಟರು ಮತ್ತೆ ಐದೂವರೆ ಗಂಟೆ ಕೂಡಿಸಿತು. ಯಂತ್ರದಲ್ಲಿ ಯು.ಟಿ.ಸಿ.ಯನ್ನೇ ಇರಿಸಿ, ಓದುವ ಕಡೆಯಲ್ಲಿ ಒಮ್ಮೆ ಮಾತ್ರ ಕೂಡಿಸುವುದು ಯುಕ್ತ.

ಕೈಯಿಂದ ತಿರುಗಿಸಿದ ಗಡಿಯಾರವಾದರೂ ದಿನಕಳೆದಂತೆ ಸರಿಯುತ್ತದೆ. ಆದುದರಿಂದ ಎನ್.ಟಿ.ಪಿ. ಪದ್ಧತಿಯನ್ನು ಆಶ್ರಯಿಸಬೇಕು. ಡೇವಿಡ್ ಮಿಲ್ಸ್ ಎಂಬವರು ರೂಪಿಸಿ 1985ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಯಂತ್ರವು ಕಾಲವನ್ನು ಜಾಲದ ಮೂಲಕ ಆಗಾಗ ಕೇಳಿ ತಿದ್ದಿಕೊಳ್ಳುತ್ತದೆ. ಹೀಗಾಗಿ ಗಡಿಯಾರಕ್ಕಿಂತ ಮೊದಲು ಜಾಲವನ್ನು ಹೊಂದಿಸಬೇಕಾಗುವುದು. ಯಂತ್ರಕ್ಕೆ ಬದಲಾಗದ ಐ.ಪಿ. ವಿಳಾಸವೊಂದಿರಲಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇಗಳನ್ನು ಜಾಲದ ಮೇಲ್ವಿಚಾರಕರಿಂದಲೇ ಕೇಳಿ ಬರೆಯಬೇಕು. ಗೇಟ್‌ವೇ ತಪ್ಪಿದರೆ ಯಂತ್ರವು ಕೊಠಡಿಯ ಕಂಪ್ಯೂಟರಿನೊಡನೆ ಸರಾಗವಾಗಿಯೇ ವ್ಯವಹರಿಸುತ್ತದೆ, ಹೊರಗಿನ ಕಾಲಸೇವೆ ಮಾತ್ರ ದೊರೆಯದು. ಬಹುಕಾಲ ಗಮನಕ್ಕೆ ಬಾರದೆ ಉಳಿಯುವ ದೋಷವಿದು. ಕಾಲಸೇವೆಯನ್ನು ಹೆಸರಿನಿಂದ ಸೂಚಿಸಿದ್ದರೆ ಡಿ.ಎನ್.ಎಸ್. ವಿಳಾಸವೂ ಬೇಕು, ಯು.ಡಿ.ಪಿ. 123ನೆಯ ದ್ವಾರವನ್ನು ಫೈರ್‌ವಾಲ್ ತಡೆದಿರಬಾರದು.

ವಿದ್ಯುತ್ತು ಹೋಗಿ ಬಂದಾಗ ಕೆಲವು ಯಂತ್ರಗಳು ಎಣಿಕೆಯನ್ನು ಆದಿಯಿಂದ, ಎಂದರೆ 1970ರ ಜನವರಿ 1ರಿಂದ, ಆರಂಭಿಸುತ್ತವೆ. ನಮ್ಮ ದಾಖಲೆಯಲ್ಲಿಯೂ ಆ ದಿನದ ಮುಂಜಾನೆ ಐದೂವರೆಯ ಸುಮಾರಿನ ನಮೂದುಗಳು ದೊರೆತಿವೆ. ಇವನ್ನು ಸುಳ್ಳೆಂದು ಅಳಿಸಲಾಗದು. ತೇದಿಯಿಲ್ಲದ ಶಾಸನದಂತೆ, ಪೂರ್ವಾಪರ ಕ್ರಮವನ್ನಷ್ಟೇ ಇವುಗಳಿಂದ ಗ್ರಹಿಸಬಹುದು. ಅಟೆಂಡರವರ ಪುಸ್ತಕವನ್ನು ಈಗಲೂ ಮುಂದುವರಿಸಲಾಗಿದೆ. ಪ್ರತಿ ಸೋಮವಾರ ಯಂತ್ರದ ವೇಳೆಯನ್ನು ಅವರೇ ಅದರೊಡನೆ ತಾಳೆ ನೋಡುತ್ತಾರೆ.